ಶುಶ್ರೂಷೆಯೂ ಒಂದು ವಿದ್ಯೆ

ನಮ್ಮ ಜತ್ತ ಸೀಮೆಯ ಮನೆಗಳಲ್ಲಿ ಯಾರದಾದರೂ ಜಡ್ಡು ಬಲಿತಿತೆಂದರೆ ಹಿರಿಯರ ಬಾಯಿಂದ ಹೊರಡುತ್ತಿದ್ದ ಮಾತು ಒಂದೇ: “ಮಿರಜಿಗೆ ಒಯ್ಯಿರಿ.” ಸುಮಾರು 80 ಕಿಲೋಮೀಟರ ದೂರದ ಆ ಊರು ತಲೆಮಾರುಗಳಿಂದ ನಮ್ಮವರಿಗೆ ದವಾಖಾನೆಯ ಊರೆಂದೇ ಪರಿಚಿತ. ಅಲ್ಲಿಂದ ಗುಣವಾಗಿ ಬಂದವರು ಶಸ್ತ್ರಕ್ರಿಯೆ ಮಾಡಿದ ಡಾಕ್ಟರರ ಹೆಸರನ್ನು ಮೊಮ್ಮಕ್ಕಳಿಗೂ ಹೇಳಿ ಹೋಗಿದ್ದಾರೆ. ಆದರೆ ಶಸ್ತ್ರಕ್ರಿಯೆಯಾದ ರಾತ್ರಿ ಗಳಿಗೆಗೊಮ್ಮೆ ನಾಡಿ ಹಿಡಿದು ನೋಡಿದವಳ, ಬಾಯಿಗೆ ನೀರಿನ ಹನಿ ಬಿಟ್ಟವಳ, ಗಾಯದ ಪಟ್ಟಿ ತೊಯ್ದುದನ್ನು ಮೊದಲು ಕಂಡು ಡಾಕ್ಟರರನ್ನು ಎಬ್ಬಿಸಿದವಳ ಹೆಸರು ಯಾರಿಗೂ ನೆನಪಿರುವುದಿಲ್ಲ. ಅವಳು ಎಲ್ಲರಿಗೂ ಬರೀ ‘ಸಿಸ್ಟರ್’.

ಈ ಸಿಸ್ಟರ್ ತನ್ನ ವಿದ್ಯೆಯನ್ನು ಎಲ್ಲಿ ಕಲಿಯುತ್ತಾಳೆ? ಕಲಿತು ನೌಕರಿಗೆ ಸೇರಿದ ಮೇಲೆ ಅವಳಿಗೆ ಮತ್ತೆ ಕಲಿಸುವವರು ಯಾರು? ನಮ್ಮ ಮಗಳೋ ಸೊಸೆಯೋ ಹೆರಿಗೆಯ ಮಂಚದ ಮೇಲಿರುವಾಗ ಈ ಪ್ರಶ್ನೆಯ ಉತ್ತರದ ಮೇಲೆ ಎರಡು ಜೀವ ನಿಂತಿರುತ್ತವೆ. ಆದುದರಿಂದ ಈ ವಿಷಯವನ್ನು ನಮ್ಮ ಕುಟುಂಬಗಳ ಮುಂದೆ ಇಡಬಯಸುತ್ತೇವೆ.

ಸೇವೆಯಿಂದ ವಿದ್ಯೆಯೆಡೆಗೆ

ರೋಗಿಯ ಆರೈಕೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ, ಅದಕ್ಕೇಕೆ ಶಾಲೆ ಎಂಬ ಭಾವನೆ ಇನ್ನೂ ನಮ್ಮಲ್ಲಿ ಅಳಿದಿಲ್ಲ. ಮಮತೆ ಹುಟ್ಟಿನಿಂದ ಬರಬಹುದು, ವಿದ್ಯೆಯನ್ನು ಕಲಿಯಲೇಬೇಕು. ಅನುಭವದಿಂದಲೇ ಅದನ್ನು ಕಲಿತ ಮಹಾತಾಯಂದಿರು ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದವರು; 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕೊನೆಯಲ್ಲಿ ಕಣ್ಮುಚ್ಚಿದರು. ಅಂಥ ಕೈಗುಣವನ್ನು ಯಾವ ಶಾಲೆಯೂ ಕೊಡಲಾರದು. ಆದರೆ ನರಸಮ್ಮನವರು ಊರಿಗೊಬ್ಬರಂತೆ ಹುಟ್ಟಲಿಲ್ಲ. ಎಲ್ಲ ಊರಿಗೂ ಒಬ್ಬೊಬ್ಬ ಸಮರ್ಥ ಪರಿಚಾರಿಕೆ ಬೇಕಾದರೆ ತರಬೇತಿಯ ಹೊರತು ಅನ್ಯ ಮಾರ್ಗವಿಲ್ಲ.

ಈ ಸತ್ಯವನ್ನು ಜಗತ್ತಿಗೆ ಮನಗಾಣಿಸಿದವರು ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆ ಮಾಡಿ ಮರಳಿದ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ತೆರೆದರು. ಪುಣೆಯಲ್ಲಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ 1909ರಲ್ಲಿ ಆರಂಭವಾದ ಸೇವಾಸದನವು ಹೆಣ್ಣುಮಕ್ಕಳಿಗೆ ಶಿಕ್ಷಕಿಯ ಮತ್ತು ದಾದಿಯ ವೃತ್ತಿಗಳೆರಡರಲ್ಲೂ ತರಬೇತಿಯ ದಾರಿ ತೋರಿತು. ಮನೆಯ ಮೂಲೆಯಲ್ಲಿ ಬದುಕು ಸವೆಸಬೇಕಾಗಿದ್ದ ಎಷ್ಟೋ ವಿಧವೆಯರು ಹೀಗೆ ಸ್ವಂತ ಕಾಲಮೇಲೆ ನಿಂತರು. ಶಿಕ್ಷಕಿ ಮತ್ತು ದಾದಿ, ಇವೆರಡು ವೃತ್ತಿಗಳು ನಮ್ಮ ಸಮಾಜದಲ್ಲಿ ಅಕ್ಕತಂಗಿಯರಂತೆ ಜೊತೆಯಾಗಿ ಹೊಸ್ತಿಲು ದಾಟಿದವು ಎಂಬುದನ್ನು ಶಾಲೆಯಲ್ಲಿ ಆಯುಷ್ಯ ಕಳೆದ ನಾವು ಅಭಿಮಾನದಿಂದ ನೆನೆಯುತ್ತೇವೆ.

ನಮ್ಮ ಭಾಗಕ್ಕೆ ಬಂದರೆ, ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು 1889ರಲ್ಲಿ ಈ ಸೀಮೆಗೆ ಬಂದು, 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದರು. ಸುಮಾರು ನಾಲ್ಕು ದಶಕಗಳ ಅವರ ದುಡಿಮೆಯಲ್ಲಿ ಆ ಆಸ್ಪತ್ರೆಯ ಹೆಸರು ದೂರದೂರಕ್ಕೆ ಹಬ್ಬಿತು. ರೈಲು ಕೂಡುವ ಊರಾದ್ದರಿಂದ ಅಥಣಿ, ಚಿಕ್ಕೋಡಿ, ಇಂಡಿ, ವಿಜಾಪುರಗಳ ಕನ್ನಡಿಗರೂ ಅಲ್ಲಿಗೆ ತಂಡೋಪತಂಡವಾಗಿ ಬಂದರು. ಆಸ್ಪತ್ರೆ ಬೆಳೆದಂತೆ ದಾದಿಯರ ಶಿಕ್ಷಣವೂ ಅದರ ಆಶ್ರಯದಲ್ಲಿ ಬೆಳೆಯಿತು. 1962ರಲ್ಲಿ ಅದೇ ಊರಿನಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಆರಂಭವಾಯಿತು.

ಮಗಳನ್ನು ಕಳಿಸುವ ಮುನ್ನ

ಹತ್ತನೆಯ ಅಥವಾ ಹನ್ನೆರಡನೆಯ ಇಯತ್ತೆ ಮುಗಿಸಿದ ಹುಡುಗಿಯರ ತಂದೆತಾಯಿಗಳು ಪ್ರತಿ ಬೇಸಿಗೆಯಲ್ಲೂ ನಮ್ಮ ಬಳಿ ಬಂದು, “ಗುರುಗಳ, ನರ್ಸಿಂಗಿಗೆ ಹಚ್ಚಬೇಕಂತೀವಿ, ಹೆಂಗ ಮಾಡೂಣ್ರಿ?” ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇವೆ.

ಈ ವಿದ್ಯೆಗೆ ಮೂರು ಮುಖ್ಯ ಮೆಟ್ಟಿಲುಗಳು. ಮೊದಲನೆಯದು ಎ.ಎನ್.ಎಂ., ಎರಡು ವರ್ಷದ್ದು. ಊರಿನ ಉಪಕೇಂದ್ರದಲ್ಲಿ ಲಸಿಕೆ, ಗರ್ಭಿಣಿಯರ ತಪಾಸಣೆ, ಹೆರಿಗೆ ಮೊದಲಾದ ಕೆಲಸಗಳಿಗೆ ಇದು ದಾರಿ. ಎರಡನೆಯದು ಜಿ.ಎನ್.ಎಂ., ಮೂರು ವರ್ಷದ ಡಿಪ್ಲೊಮಾ. ಆಸ್ಪತ್ರೆಯ ವಾರ್ಡುಗಳ ದಾದಿಯರಲ್ಲಿ ಬಹಳ ಮಂದಿ ಈ ಮಾರ್ಗವಾಗಿ ಬಂದವರು. ಮೂರನೆಯದು ಬಿ.ಎಸ್‌ಸಿ. ನರ್ಸಿಂಗ್, ನಾಲ್ಕು ವರ್ಷದ ಪದವಿ. ಇದಕ್ಕೆ ಹನ್ನೆರಡನೆಯ ಇಯತ್ತೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ಜಿ.ಎನ್.ಎಂ. ಆದವರು ಮುಂದೆ ಎರಡು ವರ್ಷ ಓದಿ ಪದವಿ ಪಡೆಯಲೂಬಹುದು, ಅಲ್ಲಿಂದ ಎಂ.ಎಸ್‌ಸಿ.ಗೆ ಹೋಗಿ ಬೋಧಕಿಯಾಗಲೂಬಹುದು. ದಾದಿಯ ಬಾಳು ಇಂಜೆಕ್ಷನ್ನಿನಲ್ಲೇ ಮುಗಿಯುತ್ತದೆಂಬುದು ತಪ್ಪು ಕಲ್ಪನೆ. ಗಂಡುಮಕ್ಕಳಿಗೂ ಈ ಬಾಗಿಲು ತೆರೆದಿದೆ.

ಇನ್ನು ಎಚ್ಚರಿಕೆಯ ಮಾತು. ಪೇಟೆಗಳಲ್ಲಿ ‘ಆರು ತಿಂಗಳಲ್ಲಿ ನರ್ಸಿಂಗ್’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ರೋಗಿಯ ಸಹಾಯಕಿಯಾಗಿ ದುಡಿಯಲು ಅಂಥ ಕಿರು ತರಬೇತಿ ಉಪಯೋಗವಾದೀತು; ಆದರೆ ಅದರಿಂದ ಯಾರೂ ನೋಂದಾಯಿತ ದಾದಿಯಾಗರು. ಮಗಳ ಶುಲ್ಕಕ್ಕೆಂದು ಎಮ್ಮೆ ಮಾರುವ ಮುನ್ನ ಸಂಸ್ಥೆಯವರನ್ನು ಮೂರು ಪ್ರಶ್ನೆ ಕೇಳಿರಿ. ನಿಮ್ಮ ಶಾಲೆಗೆ ರಾಜ್ಯದ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಈ ವರ್ಷಕ್ಕೆ ಉಂಟೇ? ಪರೀಕ್ಷೆ ನಡೆಸುವವರು ಯಾರು? ಮಕ್ಕಳು ಪ್ರತ್ಯಕ್ಷ ಕೆಲಸ ಕಲಿಯುವ ಆಸ್ಪತ್ರೆ ಯಾವುದು, ಅದರಲ್ಲಿ ಹಾಸಿಗೆಗಳೆಷ್ಟು? ಮೂರನೆಯ ಪ್ರಶ್ನೆಗೆ ತಡವರಿಸುವ ಸಂಸ್ಥೆಯಿಂದ ದೂರವಿರುವುದು ಲೇಸು. ರೋಗಿಗಳಿಲ್ಲದೆ ದಾದಿಯನ್ನು ತಯಾರಿಸುವುದು ಬಾವಿಯಿಲ್ಲದೆ ಈಜು ಕಲಿಸಿದಂತೆ.

ಗಡಿಯವರಾದ ನಮಗೆ ಇನ್ನೊಂದು ತೊಡಕುಂಟು. ನಮ್ಮ ಮಕ್ಕಳಲ್ಲಿ ಹಲವರು ಕಲಿಯಲು ವಿಜಾಪುರಕ್ಕೋ ಬೆಳಗಾವಿಗೋ ಹೋಗುತ್ತಾರೆ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಅರ್ಹತೆಯ ಪ್ರತ್ಯೇಕ ಅವಕಾಶವಿದೆ. ಆಯಾ ವರ್ಷದ ನಿಯಮಪುಸ್ತಿಕೆಯನ್ನು ಓದಿ ಕಾಗದಪತ್ರ ಹೊಂದಿಸಿಕೊಳ್ಳಬೇಕು. ಆದರೆ ಅಲ್ಲಿ ಕಲಿತು ಅಲ್ಲಿಯ ಕೌನ್ಸಿಲಿನಲ್ಲಿ ಹೆಸರು ಬರೆಸಿದವಳು ಮರಳಿ ಸಾಂಗಲಿ ಜಿಲ್ಲೆಯಲ್ಲಿ ದುಡಿಯಬೇಕಾದರೆ ಮಹಾರಾಷ್ಟ್ರದ ಕೌನ್ಸಿಲಿನಲ್ಲೂ ನೋಂದಣಿ ಮಾಡಿಸಬೇಕು. ಇದನ್ನು ಮೊದಲೇ ಅರಿತಿದ್ದರೆ ನೌಕರಿಯ ಜಾಹೀರಾತು ಬಂದಾಗ ಓಡಾಡುವ ಪ್ರಸಂಗ ಬಾರದು.

ಕಲಿತುದು ಹಳತಾಗುವ ಬಗೆ

ಹೀಗೆ ಕಲಿತು, ಪ್ರಮಾಣಪತ್ರ ಪಡೆದು, ನೌಕರಿಗೆ ಸೇರಿದಲ್ಲಿಗೆ ಕಲಿಕೆ ಮುಗಿಯಿತೇ? ಇದೇ ಈ ಲೇಖನದ ಮುಖ್ಯ ಪ್ರಶ್ನೆ.

ನಮ್ಮ ಕಲ್ಲುನೆಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚೇಳು ಕಡಿದು ಮೈ ಬೆವತು, ಎದೆ ಉಬ್ಬಸಗೊಂಡು ಸತ್ತ ಮಕ್ಕಳ ಕಥೆ ಹಿರಿಯರಿಗೆಲ್ಲ ಗೊತ್ತು. ಕೊಂಕಣದ ಮಹಾಡದ ಡಾ. ಹಿಮ್ಮತರಾವ ಬಾವಸ್ಕರರು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ದುಡಿಯುತ್ತ, ಕೆಂಪು ಚೇಳಿನ ವಿಷ ಹೃದಯವನ್ನು ಹೇಗೆ ಕೆಡಿಸುತ್ತದೆಂಬುದನ್ನು ರೋಗಿಗಳ ಮಗ್ಗುಲಲ್ಲಿ ಕುಳಿತು ಅಭ್ಯಾಸ ಮಾಡಿದರು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಸಾಧಾರಣ ಗುಳಿಗೆ ಇಂಥವರನ್ನು ಉಳಿಸಬಲ್ಲದೆಂದು ಕಂಡುಕೊಂಡು, 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಚಿಕಿತ್ಸೆ ಹರಡಿದಂತೆ ಸಾವುಗಳು ಬಹುಮಟ್ಟಿಗೆ ಕುಗ್ಗಿದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ವಿಚಾರಿಸಿರಿ: 1980ರಲ್ಲಿ ತರಬೇತಿ ಮುಗಿಸಿದ ದಾದಿಯ ಪಠ್ಯದಲ್ಲಿ ಈ ಮಾತು ಇರಲು ಸಾಧ್ಯವಿತ್ತೇ? ನೌಕರಿಯಲ್ಲಿದ್ದಾಗ ಯಾರಾದರೂ ಕರೆದು ಕಲಿಸಿದ್ದರೆ ಮಾತ್ರ ಅವಳಿಗೆ ಅದು ತಿಳಿದೀತು. ಅವಳಿಗೆ ತಿಳಿಯದಿದ್ದರೆ ದಂಡ ತೆರುವವರು ಚೇಳು ಕಡಿಸಿಕೊಂಡ ಮಕ್ಕಳು.

ಹಾವಿನ ವಿಷಯವೂ ಹೀಗೆಯೇ. ಮಂಡಲ ಜಾತಿಯ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಅರಿಯುವ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಗಾಜಿನ ನಳಿಕೆ ಮತ್ತು ಗಡಿಯಾರ ಸಾಕು. 2 ಮಿ.ಲೀ. ರಕ್ತವನ್ನು ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಾಗಿಸಿ ನೋಡಬೇಕು. ರಕ್ತ ಹರಿದರೆ ವಿಷ ಏರಿದೆ ಎಂದರ್ಥ. ಆದರೆ ನಳಿಕೆ ಹೊಸದಾಗಿ, ಒಣಗಿ, ಸ್ವಚ್ಛವಾಗಿರಬೇಕು. ಸಾಬೂನಿನಿಂದ ತೊಳೆದದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ ಆದರೆ ಫಲಿತಾಂಶ ಸುಳ್ಳಾಗುತ್ತದೆ. ನಾಗರ ಹಾವಿನ ವಿಷವೋ ನರಗಳಿಗೆ ಏರುವಂಥದು. ಅಲ್ಲಿ ಈ ಪರೀಕ್ಷೆಯನ್ನು ನೆಚ್ಚದೆ ರೆಪ್ಪೆ ಜೋಲುವುದನ್ನೂ ಉಸಿರು ಸಣ್ಣಗಾಗುವುದನ್ನೂ ಕಣ್ಣಿಟ್ಟು ಕಾಯಬೇಕು. ವಿಷನಿರೋಧಕ ಔಷಧ ಹನಿಯುತ್ತಿರುವಾಗ ಮೈಮೇಲೆ ಗಂದೆ ಎದ್ದರೆ, ಉಸಿರು ಸಿಕ್ಕಿದರೆ, ಅಡ್ರಿನಾಲಿನ್ ಕೈಯಳತೆಯಲ್ಲಿರಬೇಕು. ಇಷ್ಟೆಲ್ಲ ಸೂಕ್ಷ್ಮವನ್ನು ನಡುರಾತ್ರಿ ನೆನಪಿಡಬೇಕಾದವಳು ದಾದಿ. ವರ್ಷಕ್ಕೊಮ್ಮೆ ಬರುವ ರೋಗಿಗಾಗಿ ಕಲಿತ ವಿದ್ಯೆ ಅಭ್ಯಾಸವಿಲ್ಲದೆ ಮಾಸುವುದು ಸಹಜ.

ನಿಂತ ಹೃದಯವನ್ನು ಮತ್ತೆ ನಡೆಸುವ ಕ್ರಿಯೆಯನ್ನೂ ನೋಡಿರಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತಬೇಕು. 30 ಒತ್ತಿಗೆ 2 ಉಸಿರು ಕೊಡಬೇಕು. ಬಾಯಿಪಾಠ ಹೇಳುವುದು ಸುಲಭ. ಕೈಗೆ ಆ ಲಯ ಹತ್ತುವುದು ಕಷ್ಟ, ಹತ್ತಿದ್ದೂ ಕೆಲವೇ ತಿಂಗಳಲ್ಲಿ ಸಡಿಲಾಗುತ್ತದೆ. ಅದಕ್ಕೆಂದೇ ಈ ತರಬೇತಿಯ ಪ್ರಮಾಣಪತ್ರಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಅವಧಿಯನ್ನಷ್ಟೇ ಕೊಡುತ್ತಾರೆ.

ಒಂದು ನಿಮಿಷದ ಪಾಠ

ಸರಕಾರವು ಹೆರಿಗೆ ಮಾಡಿಸುವ ದಾದಿಯರಿಗಾಗಿ ಮೂರು ವಾರಗಳ ವಿಶೇಷ ತರಬೇತಿಯನ್ನೂ, ನವಜಾತ ಶಿಶುವಿನ ಉಸಿರಿಗಾಗಿ 2009ರಿಂದ ಎರಡು ದಿನಗಳ ತರಬೇತಿಯನ್ನೂ ನಡೆಸುತ್ತ ಬಂದಿದೆ. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟರೆ ರಕ್ತಸ್ರಾವದ ಅಪಾಯ ತಗ್ಗುತ್ತದೆ. ಅಳದ ಮಗುವನ್ನು ಒರೆಸಿ, ಬೆಚ್ಚಗಿಟ್ಟು, ಬೆನ್ನು ತೀಡಿ, ಆಗಲೂ ಉಸಿರು ಬಾರದಿದ್ದರೆ ಅದೇ ಮೊದಲ ನಿಮಿಷದೊಳಗೆ ಚೀಲ ಮತ್ತು ಮುಖವಾಡದ ಸಾಧನದಿಂದ ಗಾಳಿ ಕೊಡಲು ಆರಂಭಿಸಬೇಕು. ವೈದ್ಯಶಾಸ್ತ್ರ ಇದನ್ನು ‘ಬಂಗಾರದ ನಿಮಿಷ’ ಎಂದು ಕರೆಯುತ್ತದೆ.

ನಮ್ಮ ಶಾಲೆಯಲ್ಲಿ ಕನ್ನಡ ಕಲಿತು ಈಗ ಗ್ರಾಮೀಣ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಶಿಷ್ಯೆಯೊಬ್ಬಳು ದೀಪಾವಳಿಗೆ ಊರಿಗೆ ಬಂದಾಗ ಈ ತರಬೇತಿಯ ಬಗೆಗೆ ಕೇಳಿದೆವು. “ಗುರುಗಳ, ಕಲಿಸಿದ್ದು ಬಾಳ ಚಲೋ ಇತ್ತು. ಗೊಂಬಿ ಮ್ಯಾಲೆ ಹತ್ತು ಸಲ ಮಾಡಿಸಿದ್ರು. ತಿರುಗಿ ಬಂದು ನೋಡ್ತೀನಿ, ನಮ್ಮಲ್ಲಿ ಆ ಚೀಲ ಕಪಾಟಿನ್ಯಾಗ, ಕೀಲಿ ಸಂಜೀಕ ಮನೀಗೆ ಹೋಗವರ ಕಡೆ!” ಎಂದು ನಕ್ಕಳು. ಆಮೇಲೆ ಅವಳು ವೈದ್ಯಾಧಿಕಾರಿಗಳಿಗೆ ವಿನಂತಿಸಿ ಆ ಸಾಧನವನ್ನು ಹೆರಿಗೆಯ ಮಂಚದ ಬಳಿಯ ಗೋಡೆಗೆ ತೂಗುಹಾಕಿಸಿದಳು. ಪ್ರತಿ ಪಾಳಿಯ ಆರಂಭದಲ್ಲಿ ಅದನ್ನು ಎರಡು ಸಲ ಒತ್ತಿ ನೋಡುವ ರೂಢಿಯನ್ನು ತನ್ನ ಜೊತೆಯವರಿಗೂ ಹಚ್ಚಿದಳು. ಮುಂದೆ ಒಂದು ರಾತ್ರಿ ನೀಲಿಗಟ್ಟಿ ಹುಟ್ಟಿದ ಕೂಸೊಂದು ಅದರಿಂದಲೇ ಅತ್ತಿತು. “ಕೀಲಿ ಹುಡುಕೂದ್ರಾಗ ಆ ನಿಮಿಷ ಹೋಗಿಬಿಡತಿತ್ತರಿ” ಎಂದಳು.

ಈ ಮಾತಿನಲ್ಲಿ ತರಬೇತಿಯ ಮರ್ಮವೆಲ್ಲ ಅಡಗಿದೆ. ಕಲಿಸಿ ಕಳಿಸಿದರೆ ಸಾಲದು. ಕಲಿತವಳು ಮರಳುವ ಸ್ಥಳವೂ ಆ ಕಲಿಕೆಗೆ ಸಿದ್ಧವಾಗಿರಬೇಕು.

ತಾಸುಗಳ ಲೆಕ್ಕವೋ, ಕಲಿಕೆಯ ಲೆಕ್ಕವೋ

ದಾದಿಯರ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯಿದೆ ಬುನಾದಿ ಹಾಕಿತು. 2023ರಲ್ಲಿ ಸಂಸತ್ತು ಅದರ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸುವಾಗ 150 ತಾಸುಗಳ ಮುಂದುವರಿದ ಶಿಕ್ಷಣ ಆಗಿರಬೇಕೆಂಬುದು ಕೌನ್ಸಿಲ್ ಹಾಕಿಕೊಟ್ಟ ಮಾನದಂಡ. ವರ್ಷಕ್ಕೆ 30 ತಾಸು. ಹೆಚ್ಚಿನ ಹೊರೆಯಲ್ಲ, ಮೇಲಾಗಿ ಉದ್ದೇಶ ಒಳ್ಳೆಯದು.

ಆದರೆ ಸೇವಾನಿರತ ತರಬೇತಿಯ ಸುಖದುಃಖಗಳನ್ನು ಶಿಕ್ಷಕರಾದ ನಾವು ಬಹುಕಾಲದಿಂದ ಬಲ್ಲೆವು. ದೊಡ್ಡ ಸಭಾಗೃಹ, ಉದ್ದನೆಯ ಭಾಷಣ, ಮಧ್ಯಾಹ್ನದ ಊಟ, ಸಂಜೆ ಹಾಜರಿಯ ಸಹಿ, ಕೊನೆಗೊಂದು ಪ್ರಮಾಣಪತ್ರ. ಮರುದಿನ ವರ್ಗದಲ್ಲಿ ಎಲ್ಲವೂ ಹಿಂದಿನಂತೆಯೇ. ಇಂಥ ತರಬೇತಿಗಳನ್ನೂ ಕಂಡಿದ್ದೇವೆ. ಹಾಗೆಯೇ, ಅನುಭವಿ ಶಿಕ್ಷಕರೊಬ್ಬರು ನಮ್ಮ ವರ್ಗದ ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ಕೇಳಿ, ಗಂಟೆ ಹೊಡೆದ ಮೇಲೆ ಬೇವಿನ ಗಿಡದ ನೆರಳಿಗೆ ಕರೆದೊಯ್ದು ಎರಡೇ ಮಾತು ಹೇಳಿದ್ದುಂಟು. ಆ ಎರಡು ಮಾತು ಮೂವತ್ತು ವರ್ಷ ನಮ್ಮ ಸಂಗಡ ಬಂದಿವೆ. ದಾದಿಯರ ತರಬೇತಿಗೂ ಇದೇ ನ್ಯಾಯ ಸಲ್ಲುತ್ತದೆ. ಹಿರಿಯ ದಾದಿ ಕಿರಿಯಳ ಮಗ್ಗುಲಲ್ಲಿ ನಿಂತು ನೋಡಿ ತಿದ್ದುವ ಹದಿನೈದು ನಿಮಿಷ ಭಾಷಣದ ಮೂರು ತಾಸಿಗಿಂತ ಮಿಗಿಲು.

ಇದಕ್ಕೆ ನಮ್ಮ ರಾಜ್ಯದಲ್ಲೇ ಉಜ್ಜ್ವಲ ನಿದರ್ಶನವಿದೆ. 1970ರಲ್ಲಿ ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು ಬರಗಾಲದ ಜಾಮಖೇಡದಲ್ಲಿ ಗ್ರಾಮೀಣ ಆರೋಗ್ಯ ಯೋಜನೆಯನ್ನು ಆರಂಭಿಸಿದರು. ಅಕ್ಷರ ಬಾರದ ಹಳ್ಳಿಯ ಹೆಣ್ಣುಮಕ್ಕಳನ್ನು ಆರಿಸಿ, ವಾರವಾರವೂ ಕೂಡಿಸಿ ಕಲಿಸಿದರು. ಕಲಿತುದನ್ನು ಊರಲ್ಲಿ ಮಾಡಬೇಕು, ಮಾಡಿ ಕಂಡುದನ್ನು ಮುಂದಿನ ಸಲ ಬಂದು ಹೇಳಬೇಕು. ಸ್ವಲ್ಪ ಸ್ವಲ್ಪ, ಆದರೆ ತಪ್ಪದೆ. 1979ರಲ್ಲಿ ಆ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಕ್ಷರ ಬಾರದವರಿಗೆ ಹೀಗೆ ಸಾಧ್ಯವಾದುದು ಮೂರು ವರ್ಷ ಓದಿದವರಿಗೆ ಸಾಧ್ಯವಾಗದೇ?

ಅಡ್ಡಿಯೊಂದಿದೆ, ಅದನ್ನು ಮುಚ್ಚಿಡಲಾಗದು. ಚಿಕ್ಕ ಆಸ್ಪತ್ರೆಯಲ್ಲಿ ಪಾಳಿಗೆ ಒಬ್ಬಳೇ ದಾದಿ ಇದ್ದರೆ, ಅವಳು ಮೂರು ವಾರ ತರಬೇತಿಗೆ ಹೋದಾಗ ಆ ಪಾಳಿ ನೋಡುವವರು ಯಾರು? ಬದಲಿ ಇಲ್ಲವೆಂಬ ಕಾರಣಕ್ಕೆ ಎಲ್ಲರಿಗಿಂತ ಹೆಚ್ಚು ತರಬೇತಿ ಬೇಕಾದವರೇ ತರಬೇತಿಯಿಂದ ಹೊರಗುಳಿಯುತ್ತಾರೆ. ಬದಲಿ ದಾದಿಯನ್ನು ಕೊಡದ ತರಬೇತಿಯ ಆಜ್ಞೆ ಎತ್ತಿಲ್ಲದ ರೈತನಿಗೆ ಕೂರಿಗೆ ಕೊಟ್ಟಂತೆ.

ರೋಗಿಯ ಮಾತು, ದಾದಿಯ ಕಿವಿ

ಇನ್ನು ನಮಗೆ ವಿಶೇಷವಾಗಿ ಸಂಬಂಧಿಸಿದ ಮಾತು. ಸಂಖ, ಉಮದಿ, ಬಿಳೂರಗಳ ಕಡೆಯ ಮುದುಕಿಯೊಬ್ಬಳು ದವಾಖಾನೆಗೆ ಹೋಗಿ ತನ್ನ ನೋವನ್ನು ಹೇಳುವುದು ಕನ್ನಡದಲ್ಲಿ. ಚಳಕು, ಸೆಳೆತ, ಉರಿ, ಜೋಮು, ಎದೆ ಹಿಡಿದಂತಾಗುವುದು, ಹೊಟ್ಟೆ ಕಡಿಯುವುದು, ಇವೆಲ್ಲ ಬೇರೆ ಬೇರೆ; ಒಂದೊಂದೂ ಬೇರೆ ರೋಗದ ಕಡೆಗೆ ಬೆರಳು ತೋರುತ್ತದೆ. ಜೊತೆಗೆ ಬಂದ ಮೊಮ್ಮಗ ಅದೆಲ್ಲವನ್ನೂ ‘ದುಖತಯ’ ಎಂಬ ಒಂದೇ ಮರಾಠಿ ಮಾತಿನಲ್ಲಿ ಹೇಳಿ ಮುಗಿಸಿದರೆ ರೋಗದ ಅರ್ಧ ವಿವರ ಹೊಸ್ತಿಲಲ್ಲೇ ಉಳಿಯಿತು. ‘ಎದೆ ಹಿಡಿದೈತಿ’ ಎಂಬುದನ್ನು ಕೇಳಿದೊಡನೆ ಹೃದಯದ ಬಗೆಗೆ ಎಚ್ಚರಗೊಳ್ಳುವ ಕಿವಿ ವಾರ್ಡಿನಲ್ಲಿ ಒಂದಾದರೂ ಬೇಕು.

ಇದು ಮರಾಠಿಯ ಮೇಲಿನ ದೂರಲ್ಲ. ನಮ್ಮ ಮನೆಗಳಲ್ಲಿ ಎರಡೂ ಭಾಷೆಗಳು ಒಂದೇ ತಾಟಿನಲ್ಲಿ ಉಣ್ಣುತ್ತವೆ. ನಾವು ಕೇಳುವುದಿಷ್ಟೇ: ಜತ್ತದ ಪೂರ್ವಭಾಗಕ್ಕೆ ಬರುವ ಮರಾಠಿ ದಾದಿಯರ ತರಬೇತಿಯಲ್ಲಿ ರೋಗಿಗೆ ಕೇಳಬೇಕಾದ ಐವತ್ತು ಕನ್ನಡ ವಾಕ್ಯಗಳು ಸೇರಲಿ. ಎಲ್ಲಿ ನೋವು, ಎಂದಿನಿಂದ, ಯಾವ ಗುಳಿಗೆ ನುಂಗಿದ್ದೀರಿ, ಕೂಸು ಹೊಟ್ಟೆಯಲ್ಲಿ ಆಡುತ್ತಿದೆಯೇ. ಇಷ್ಟು ಕಲಿಯಲು ಒಂದು ವಾರ ಸಾಕು. ಕನ್ನಡ ಶಾಲೆಗಳ ಶಿಕ್ಷಕರು ಕಲಿಸಲು ಹಿಂಜರಿಯರು. ಹಾಗೆಯೇ, ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬಲ್ಲ ನಮ್ಮ ಹುಡುಗಿಯರು ಈ ವೃತ್ತಿಗೆ ಎಷ್ಟು ಬೆಲೆಯುಳ್ಳವರೆಂಬುದನ್ನು ತಂದೆತಾಯಿಗಳು ಅರಿಯಲಿ. ಗಡಿಯಲ್ಲಿ ಹುಟ್ಟಿದ್ದು ಅವರಿಗೆ ಈ ಒಂದು ವಿಷಯದಲ್ಲಾದರೂ ಭಾಗ್ಯವೇ.

ನಮ್ಮ ಪಾಲಿನ ಕರ್ತವ್ಯ

ಸರಕಾರ ಮಾಡಬೇಕಾದುದನ್ನು ಹೇಳಿದೆವು. ಮನೆಯವರು ಮಾಡಬೇಕಾದುದೂ ಇದೆ. ರಾತ್ರಿಪಾಳಿಯ ನೌಕರಿಯೆಂದು ವರನ ಕಡೆಯವರು ಮೂಗು ಮುರಿಯುವುದು, ಮದುವೆಯಾದೊಡನೆ ನೌಕರಿ ಬಿಡಿಸುವುದು, ತರಬೇತಿಗೆ ಪರವೂರಿಗೆ ಹೋಗಬೇಕೆಂದಾಗ “ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು?” ಎಂದು ತಡೆಯುವುದು, ಇವೆಲ್ಲ ನಮ್ಮಲ್ಲಿ ನಡೆಯುತ್ತಿವೆ. ಮಗಳ ರಾತ್ರಿಪಾಳಿ ಬೇಡವೆನ್ನುವ ಮನೆಯವರೇ ತಮ್ಮ ಮನೆಯ ಬಾಣಂತಿಗೆ ರಾತ್ರಿ ಹೊತ್ತು ಜಾಣ ಸಿಸ್ಟರ್ ಬೇಕೆನ್ನುತ್ತಾರೆ. ಇನ್ನೊಬ್ಬರ ಮಗಳು ಎಚ್ಚರಿದ್ದುದರಿಂದಲೇ ನಮ್ಮ ಮಗಳು ಬದುಕಿದಳೆಂಬುದನ್ನು ಮರೆಯಬಾರದು.

ನಮ್ಮ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ದಾನದಿಂದ ದಾನಮ್ಮನಾಗಿ ಗುಡ್ಡಾಪುರದಲ್ಲಿ ನೆಲೆಸಿದಳೆಂಬುದು ಜನರ ನಂಬುಗೆ. ಅವಳ ಯಾತ್ರೆಗೆ ನಾವೆಲ್ಲ ಬರಿಗಾಲಲ್ಲಿ ನಡೆಯುತ್ತೇವೆ. ಶರಣರು ಕಲಿಸಿದ್ದು ಬರಿಯ ಭಕ್ತಿಯನ್ನಲ್ಲ, ಕಾಯಕವನ್ನು. ಕಾಯಕವೆಂದರೆ ಮನಸ್ಸಿಟ್ಟು, ಅರಿತು ಮಾಡುವ ಕೆಲಸ. ಹಸಿದವರಿಗೆ ಅನ್ನವಿಕ್ಕುವುದು ದಾಸೋಹವಾದರೆ, ನೊಂದವರ ಬಳಿ ನಿದ್ದೆಗೆಟ್ಟು ಕೂಡುವುದೂ ದಾಸೋಹವೇ. ಅದಕ್ಕೆ ಬೇಕಾದ ಅರಿವನ್ನು ಆಗಾಗ ಹರಿತ ಮಾಡಿಕೊಳ್ಳಲು ನಮ್ಮ ದಾದಿಯರಿಗೆ ಸಮಯ, ಸಾಧನ, ಮರ್ಯಾದೆ ಮೂರೂ ದೊರೆಯಲಿ. ಮುಂದಿನ ಸಲ ದವಾಖಾನೆಗೆ ಹೋದಾಗ, ವಾಚಕರೇ, ನಿಮ್ಮ ಮಗ್ಗುಲಲ್ಲಿ ನಿಂತ ಸಿಸ್ಟರಳ ಹೆಸರನ್ನೊಮ್ಮೆ ಕೇಳಿ ತಿಳಿದುಕೊಳ್ಳಿರಿ. ಮನೆಗೆ ಬಂದು ಅದನ್ನು ಮಕ್ಕಳಿಗೂ ಹೇಳಿರಿ.